ಬದಲಿ ರೇಡಿಯೊದ ಬ್ಯಾಟರಿ

"ಇದನ್ನ ವಾಪಸ್ ಕೊಟ್ಟುಬಿಡಿ" ಎಂದ ಮೆಕ್ಯಾನಿಕ್, ಹಳೆಯದು ಕೈಕೊಟ್ಟರೆ ಇರಲೆಂದು ಅವಳು ಕೊಂಡು ತಂದಿದ್ದ ಬದಲಿ ರೇಡಿಯೊವನ್ನು ಪೆಟ್ಟಿಗೆಯಿಂದ ಹೊರಗೂ ತೆಗೆಯದೆ.

ಅವಳಿಗೆ ಉರಿದುಹೋಯಿತು. ಅಪ್ಪ ಬಿಟ್ಟುಹೋದ ಎರಡು ಸೀಟಿನ ವಿಮಾನ. ಅಪ್ಪನ ನಂತರ ಅದನ್ನು ಹಾರಿಸುವವಳು ತಾನು. ಶೆಡ್ಡಿಗೆ ಬಂದು ವಾರವೂ ಆಗದ ಇವನು ಯಾರು?

"ಹಳೇ ರೇಡಿಯೊ ಇರೋ ಬ್ಯಾಟರಿಗೇ ಇದನ್ನೂ ಕಟ್ಟಬೇಕು. ಹಾರ್ತಿರುವಾಗ ಕರೆಂಟ್ ಹೋದ್ರೆ ಎರಡೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಕೈಯಲ್ಲಿ ಹಿಡಿಯೋದು ತಗೊಳ್ಳಿ, ಅದರ ಬ್ಯಾಟರಿ ಅದರಲ್ಲೇ ಇರುತ್ತೆ."

"ನನಗೆ ಪಾಠ ಹೇಳಬೇಡಿ."

ಅವನು ಹೇಳಿದ್ದೇ ಸರಿ ಎಂದು ಅವಳಿಗೆ ಗೊತ್ತಿತ್ತು. ಮೈ ಉರಿದದ್ದೇ ಅದಕ್ಕೆ. ಕೈರೇಡಿಯೊ ಬಂತು. ವಿಮಾನದೊಳಗೆ ನುಗ್ಗುವ, ವಾಸನೆಯೇ ಇಲ್ಲದ ಎಂಜಿನ್ ವಿಷಗಾಳಿಯನ್ನು ಹಿಡಿದು ಕೂಗುವ ಪುಟ್ಟ ಯಂತ್ರವನ್ನು ಇಬ್ಬರೂ ಮೂರು ಅಂಗಡಿ ಸುತ್ತಿ ಕೊಂಡರು. ಮೂರನೆಯದರ ಹೊತ್ತಿಗೆ ಅವಳು ಅವನ ಮಾತಿಗೆಲ್ಲ ನಗುತ್ತಿದ್ದಳು. ಇನ್ನೊಂದು ಅಂಗಡಿ ಇದ್ದಿದ್ದರೆ...

ಆಮೇಲೊಂದು ಮಧ್ಯಾಹ್ನ, ಶೆಡ್ಡಿನ ಹಿಂದೆ ಅವನ ಹೆಗಲ ಮೇಲೆ ಕೈ ಹಾಕಿ ಪಿಸುಗುಡುತ್ತಿದ್ದ ಭಾವ ಅವಳ ಕಣ್ಣಿಗೆ ಬಿದ್ದ.

ಅಕ್ಕನ ಗಂಡ. ವಿಮಾನ ಮಾರಿಸಲು ಅಮ್ಮನ ತಲೆ ತಿನ್ನುತ್ತಿದ್ದವನು. ಹಾರಾಟದಲ್ಲಿ ಮಗಳದು ಒಂದೇ ಒಂದು ತಪ್ಪು ಕಂಡರೂ ಮಾರಿಬಿಡುವುದಾಗಿ ಅಮ್ಮ ಒಪ್ಪಿಯೂ ಆಗಿತ್ತು.

ಮೆಕ್ಯಾನಿಕ್ಕೂ ಆ ಕಡೆಯವನೇ?

ಅಂದಿನಿಂದ, ಹಾರಿ ಬಂದ ಪ್ರತಿ ಭಾನುವಾರ ವಿಮಾನದ ಬಾಗಿಲಿಗೆ, ಯಾರಾದರೂ ತೆರೆದರೆ ಹರಿಯುವಂತೆ, ಟೇಪಿನ ಸಣ್ಣ ಚೂರು ಅಂಟಿಸಿ ಹೋದಳು. ಸೋಮವಾರ ನೋಡಿದರೆ ಅದು ಹರಿದಿರುತ್ತಿತ್ತು. ಮೂರು ವಾರ, ಮೂರು ಸಲ. ವಿಮಾನವನ್ನು ಯಾರಿಗೆ ತೋರಿಸುತ್ತಿದ್ದಾನೆ? ಕೊಳ್ಳುವವರಿಗೋ? ಛೆ, ಇಂಥವನನ್ನು ನೆನೆಸಿಕೊಂಡು ನಿದ್ದೆಗೆಟ್ಟೆನಲ್ಲ...

ನಾಲ್ಕನೇ ಸೋಮವಾರ ಬೆಳಿಗ್ಗೆ ಅವನಿಗಿಂತ ಮೊದಲೇ ಬಂದು ಟೈರುಗಳ ರಾಶಿಯ ಹಿಂದೆ ಕುಳಿತಳು. ಅವನು ಬಂದ. ಒಬ್ಬನೇ. ಬಾಗಿಲು ತೆಗೆದ, ಕೈರೇಡಿಯೊ ಎತ್ತಿಕೊಂಡ, ಅದರ ಬ್ಯಾಟರಿ ಕಿತ್ತ.

"ಭಾವ ಹೇಳಿದ ಕೆಲಸ ಮುಗೀತಾ?" ಅವಳು ಎದ್ದು ನಿಂತಳು.

ಅವನು ಜೇಬಿನಿಂದ ಚಾರ್ಜ್ ಆದ ಇನ್ನೊಂದು ಬ್ಯಾಟರಿ ತೆಗೆದು ಹಾಕಿದ. ದೀಪ ಹತ್ತಿತು. ಹಳೆಯದನ್ನು ಹಾಕಿ ತೋರಿಸಿದ. ಹತ್ತಲಿಲ್ಲ. ಮತ್ತೆ ಚಾರ್ಜ್ ಆದದ್ದನ್ನೇ ಹಾಕಿದ.

"ಪ್ರತಿ ಸಲ ಇಳಿದ ಮೇಲೆ ಇದನ್ನ ಆಫ್ ಮಾಡೋದು ಮರೀತೀರಿ. ಬೆಳಿಗ್ಗೆಗೆ ಖಾಲಿ. ನಿಮ್ಮ ಭಾವ ಇಂಥದ್ದೇ ಒಂದು ತಪ್ಪು ಹುಡುಕಿಕೊಡು ಅಂದ್ರು. ಒಂದೂ ಇಲ್ಲ ಅಂದೆ."

"ನನಗಾದರೂ ಹೇಳಬಾರದಿತ್ತಾ?"

"ಪಾಠ ಹೇಳಬೇಡಿ ಅಂದಿದ್ರಿ."

ಅವಳ ತಲೆ ತಗ್ಗಿತು. ತನ್ನ ಕೈಯೊಂದನ್ನು ಬಿಟ್ಟು ಎಲ್ಲರನ್ನೂ ಶಂಕಿಸಿದ್ದಳು.

"ಬಾಗಿಲಿಗೆ ಟೇಪ್ ಅಂಟಿಸಿದ್ದು ನಾನೇ."

"ನೋಡಿದ್ದೆ. ಜಗಳಕ್ಕಾದರೂ ಬರ್ತೀರಿ ಅಂತ ಮೂರು ವಾರದಿಂದ ಕಾಯ್ತಿದ್ದೀನಿ."

ಅವಳ ಕಣ್ಣು ತುಂಬಿತು. "ಸಂಜೆ ಅಮ್ಮನಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ಮುಚ್ಚಿಟ್ಟು ಉಳಿಸಿಕೊಂಡ ವಿಮಾನದಲ್ಲಿ ನಾನು ಹಾರಲ್ಲ."

"ಮಾರಿಬಿಟ್ಟರೆ?"

"ಮಾರಲಿ, ಬಿಡಲಿ. ಆಫ್ ಮಾಡಿದ್ರಾ ಅಂತ ನನ್ನನ್ನ ಕೇಳೋಕೆ ಒಬ್ಬರು ಬೇಕು."

"ಭಾನುವಾರ ಮಾತ್ರವಾ?"

"ದಿನಾ."

"ಹಾರದ ದಿನ?"

ಅವಳು ರೇಡಿಯೊ ತೆಗೆದುಕೊಂಡು, ಆಫ್ ಮಾಡಿ ಅವನ ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಹಾರದ ದಿನವೂ."