ಅತ್ತೆಯ ಹೆಸರಿಗೆ ಅಧಿಕಾರ ಪತ್ರ

"ಈ ಕಾಗದದಲ್ಲಿ ನನ್ನ ಹೆಸರು ಯಾಕಿದೆ?"

ಅತ್ತೆ ಮೇಜು ಕುಟ್ಟಿದ ರಭಸಕ್ಕೆ ನೀರಿನ ಲೋಟ ಉರುಳಿತು. ಸೊಸೆ ಗಾಬರಿಯಿಂದ ಕಾಗದಗಳನ್ನು ಮೇಲೆತ್ತಿ ಹಿಡಿದಳು. ನಾಳೆ ಅವಳು ಆಸ್ಪತ್ರೆಗೆ ಸೇರಬೇಕು. ನಾಡಿದ್ದು ತಲೆಯ ಶಸ್ತ್ರಚಿಕಿತ್ಸೆ. ಆಮೇಲೆ ಮಾತು, ನೆನಪು ಎಷ್ಟು ಉಳಿಯುತ್ತದೋ, ವೈದ್ಯರೇ ಹೇಳಲಾರರು. ಅಷ್ಟರೊಳಗೆ ತನ್ನ ಪರವಾಗಿ ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಸಹಿ ಹಾಕುವ ಅಧಿಕಾರವನ್ನು ಯಾರಿಗಾದರೂ ಬರೆದುಕೊಡಲೇಬೇಕಿತ್ತು. ಹದಿನಾರು ವರ್ಷ ಇಸ್ತ್ರಿಪೆಟ್ಟಿಗೆಯ ಕಾವಿಗೆ ಮೈಯೊಡ್ಡಿ ಕಟ್ಟಿದ ಲಾಂಡ್ರಿ ಅಂಗಡಿ ಅವಳ ಹೆಸರಿನಲ್ಲಿತ್ತು. ವಕೀಲರು ಐದಕ್ಕೆ ಬರುವವರು. ಆಗಲೇ ನಾಲ್ಕೂವರೆ ದಾಟಿತ್ತು! ಅವಳು ಕೂತಲ್ಲಿ ಕೂರಲಾರದೆ ಕಿಟಕಿಗೂ ಮೇಜಿಗೂ ತಿರುಗುತ್ತಿದ್ದಳು.

"ಗಂಡ ಗುಂಡುಕಲ್ಲಿನ ಹಾಗಿರೋವಾಗ ಅತ್ತೆ ಹೆಸರಾ? ನನ್ನ ಮಗ ಏನು ಕಳ್ಳನಾ?"

"ಕಳ್ಳರಲ್ಲ ಅತ್ತೆ... ಅವರಿಗೆ ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ನಾದಿನಿ ಗಂಡ ಕೇಳಿದ್ರು ಅಂತ ಬಟ್ಟೆ ಸಾಗಿಸೋ ವ್ಯಾನನ್ನೇ ಕೊಟ್ಟುಬಿಟ್ರು. ಈಗ ಆ ನಾದಿನಿ ಗಂಡನಿಗೆ ಅಂಗಡಿ ಮಾರಿಸೋ ಆಸೆ. ನಾನು ಮಾತಿಲ್ಲದೆ ಮಲಗಿಬಿಟ್ರೆ..."

"ಅದಕ್ಕೆ ನನ್ನನ್ನ ಹಿಡ್ಕೊಂಡೆಯಾ? ನಿನ್ನನ್ನ ಬೈದಷ್ಟು ನಾನು ಯಾರನ್ನೂ ಬೈದಿಲ್ಲ!"

"ಬೈದ್ರಿ. ಎಲ್ಲಾ ಮುಖದ ಮೇಲೇ ಬೈದ್ರಿ. ಹಿಂದೊಂದು ಮುಂದೊಂದು ಮಾಡಲಿಲ್ಲ."

ಬಾಗಿಲಲ್ಲಿ ಔಷಧಿಯ ಚೀಲ ಹಿಡಿದು ಗಂಡ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಅವಳು ಹೇಳೋದು ನಿಜ ಅಮ್ಮ... ಮಧ್ಯಾಹ್ನ ಕೂಡ ಭಾವ ಫೋನ್ ಮಾಡಿದ್ರು. ಆಗಲಿ, ಮಾರೋಣ ಅಂದುಬಿಟ್ಟೆ."

ಅತ್ತೆ ಮಗನನ್ನು ದಿಟ್ಟಿಸಿದರು. ಆಮೇಲೆ ಕುರ್ಚಿ ಎಳೆದು ಕುಳಿತರು.

"ಓದು. ಒಂದಕ್ಷರ ಬಿಡದೆ ಓದು."

ಸೊಸೆ ಒಂದೊಂದೇ ಸಾಲು ಓದಿದಳು. 'ಅಂಗಡಿಯನ್ನು ಮಾರುವ ಅಧಿಕಾರ' ಎಂಬಲ್ಲಿಗೆ ಬಂದಾಗ ಅತ್ತೆ ಕೈಯೆತ್ತಿದರು.

"ಅದನ್ನ ಹೊಡೆದು ಹಾಕಿಸು."

"ನೀವು ಮಾರಲ್ಲ ಅಂತ ನಂಗೊತ್ತು ಅತ್ತೆ."

"ಏನು ಗೊತ್ತು ನಿಂಗೆ? ನಾಳೆ ನನ್ನ ಮಗಳು ಬಂದು ಕಾಲು ಹಿಡ್ಕೊಂಡು ಅತ್ರೆ...? ಈ ಕರಗೋ ರೋಗ ಇವನಿಗೆ ಎಲ್ಲಿಂದ ಬಂತು ಅಂದ್ಕೊಂಡೆ!"

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು, ವಕೀಲರು ಬಂದಿದ್ದರು.

"ಹೋಗಿ ಬಾಗಿಲು ತೆಗಿಯೋ. ಆ ಒಂದು ಸಾಲು ತೆಗೆದ್ರೆ ಮಾತ್ರ ನಾನು ಒಪ್ಪೋದು ಅಂತ ಹೇಳು. ಐದು ನಿಮಿಷ ಕೂತಿರಲಿ." ಅತ್ತೆ ಸೊಸೆಯ ಕಡೆ ತಿರುಗಿ ಬಾಚಣಿಗೆ ಕೈಗೆತ್ತಿಕೊಂಡರು. "ನೀನು ಬಾ ಇಲ್ಲಿ. ನಾಳೆ ಈ ಕೂದಲನ್ನೆಲ್ಲ ತೆಗೀತಾರಂತೆ... ಬಾಚ್ತೀನಿ."

ಸೊಸೆ ನೆಲದ ಮೇಲೆ ಕುಳಿತಳು. ಸಿಕ್ಕು ಸಿಕ್ಕಿದಲ್ಲಿ ಬಾಚಣಿಗೆ ಎಳೆಯಲಿಲ್ಲ, ನಿಂತಿತು. ಬೆರಳುಗಳು ಮೆಲ್ಲಗೆ ಬಿಡಿಸಿದವು.