ಅಗ್ಗದ ಲೆನ್ಸೂ ಮೂವರು ನೀಲವ್ವರೂ

ಬಹಳ ಹಿಂದೆ ಬಿಂಬಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಫೋಟೋಗಾರನಿಗೆ ಸೇನಾಪತಿಯಷ್ಟೇ ಮರ್ಯಾದೆ. ಆದರೆ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಕಾರಣ, ಮಾಂತ್ರಿಕ ಮಸಣಾಕ್ಷ. ಇಲ್ಲದ್ದನ್ನು ಇದೆ ಎಂದು ತೋರಿಸುವುದು ಅವನ ವಿದ್ಯೆ.

ಅವನು ಬಡ ಫೋಟೋಗಾರ ಸೋಮಿಗನ ತಂಗಿ ನೀಲವ್ವನನ್ನು ಹೊತ್ತೊಯ್ದ. "ನಿಜವಾದವಳ ಫೋಟೋ ತೆಗೆದರೆ ನಾನು ಬೂದಿ. ತಪ್ಪಿದರೆ ತೆಗೆದವನು ಕಲ್ಲು" ಎಂದು ಸಾರಿದ.

ಸೋಮಿಗ ಕ್ಯಾಮೆರಾ ಹಿಡಿದು ಹೊರಟ. ಅದಕ್ಕಿದ್ದದ್ದು ಸಂತೆಯಲ್ಲಿ ಕೊಂಡ ಹಳೆಯ ಜೂಮ್ ಲೆನ್ಸ್. ಕೊಳವೆ ತಳ್ಳಿದರೆ ದೂರದ್ದು ದೊಡ್ಡದಾಗಿ ಕಾಣುತ್ತಿತ್ತು. ಗಾಜಿನೊಳಗೆ ಬೂಷ್ಟು.

"ಏನೋ ಅದು, ಉಪ್ಪಿನಕಾಯಿ ಜಾಡಿಯಾ?" ಎಂದ ಅರಮನೆಯ ಫೋಟೋಗಾರ ಉದಯಭಾನು.

"ನಿಮ್ಮದು ಬಂಗಾರದ್ದಲ್ಲವಾ ಸ್ವಾಮಿ. ನೀವೇ ಹೋಗಿ."

ಉದಯಭಾನುವಿಗೆ ಕೆಮ್ಮು ಬಂತು.

ಕಾಡಿನಲ್ಲಿ ಹುಲಿ ಅಡ್ಡ ನಿಂತಿತು. ಅದರ ಕಾಲಡಿ ಹುಲ್ಲು ಬಾಗಿರಲಿಲ್ಲ. ಸೋಮಿಗನಿಗೆ ಸಂಶಯ. ಲೆನ್ಸ್ ತಳ್ಳಿ ನೋಡಿದ. ಪೊದೆ ದೊಡ್ಡದಾಯಿತು, ಹುಲಿ ಆಗಲಿಲ್ಲ. ಮಾಯೆಗೆ ಒಂದೇ ಅಳತೆ. ಹುಲಿಯ ಮೈಯೊಳಗಿಂದಲೇ ನಡೆದು ಹೋದ.

ಮುಂದೆ ಸೇತುವೆ. ಲೆನ್ಸ್ ತಳ್ಳಿದ. ಬಂಡೆ ದೊಡ್ಡದಾಯಿತು, ಸೇತುವೆ ಆಗಲಿಲ್ಲ. ಕಣಿವೆಗಿಳಿದು, ಹೊಳೆ ಹಾಯ್ದು, ಆಚೆ ಹತ್ತಿದ.

ಮಸಣಾಕ್ಷನ ಕೋಟೆಯ ಬಾಗಿಲಲ್ಲಿ, ಮೊದಲೇ ಬಂದು ಕಲ್ಲಾದ ಫೋಟೋಗಾರರು. ಒಬ್ಬೊಬ್ಬರ ಕೊರಳಲ್ಲೂ ದುಬಾರಿ ಲೆನ್ಸು. ಒಳಗೆ ಮೂವರು ನೀಲವ್ವರು. ಪಕ್ಕದಲ್ಲಿ ಮಸಣಾಕ್ಷ, ಅವನ ಕಾಲಡಿ ಒಂದು ಕುರಿಮರಿ.

"ಅಣ್ಣಯ್ಯಾ" ಎಂದಳು ಮೊದಲನೆಯವಳು. ಲೆನ್ಸ್ ತಳ್ಳಿದ. ದೊಡ್ಡವಳಾಗಲಿಲ್ಲ.

"ಅಣ್ಣಯ್ಯಾ" ಎಂದಳು ಎರಡನೆಯವಳು. ತಳ್ಳಿದ. ಅವಳೂ ಆಗಲಿಲ್ಲ.

"ಇನ್ನೇನಯ್ಯ, ಉಳಿದವಳೇ ನಿನ್ನ ತಂಗಿ. ಒತ್ತು ಗುಂಡಿ!" ಎಂದ ಮಸಣಾಕ್ಷ.

ಇವನಿಗೇಕೆ ಇಷ್ಟು ಉಪಕಾರಬುದ್ಧಿ? ಸೋಮಿಗ ಮೂರನೆಯವಳತ್ತಲೂ ಲೆನ್ಸ್ ತಳ್ಳಿದ. ಅವಳೂ ದೊಡ್ಡವಳಾಗಲಿಲ್ಲ.

ನೋಡಲು ಇನ್ನೊಬ್ಬಳಿರಲಿಲ್ಲ. ಲೆನ್ಸಿನಿಂದ ಕಣ್ಣು ಕೀಳದೆ ಕ್ಯಾಮೆರಾವನ್ನು ನೆಲದತ್ತ ಬಾಗಿಸಿದ. ಹಳೆಯ ಲೆನ್ಸು, ಹಿಡಿತ ಸಡಿಲ. ಕೊಳವೆ ತಾನೇ ಮುಂದಕ್ಕೆ ಜಾರಿತು. ಹಾಸುಗಲ್ಲು ಇದ್ದ ಹಾಗೇ ಇತ್ತು. ಮಾಂತ್ರಿಕನ ಕಾಲಡಿ ಮಲಗಿದ್ದ ಕುರಿಮರಿ ಮಾತ್ರ ದೊಡ್ಡದಾಯಿತು.

ಸೋಮಿಗ ಕೊಳವೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ.

"ಅದು ಬರೀ ಕುರಿ ಕಣೋ, ಮೂರ್ಖ!"

"ಹಾಗಾದರೆ ನಿನಗ್ಯಾಕೆ ಬೆವರು?"

ಗುಂಡಿ ಒತ್ತಿದ.

ಮಸಣಾಕ್ಷ ಬೂದಿಯಾದ. ಕೋಟೆ ಕರಗಿತು. ಕಲ್ಲಾದವರು ಮೈಮುರಿದು ಎದ್ದರು. ಕುರಿಮರಿಯ ಜಾಗದಲ್ಲಿ ನೀಲವ್ವ, ಸೊಂಟದ ಮೇಲೆ ಕೈ.

"ಇಷ್ಟು ಹೊತ್ತಾ ಅಣ್ಣ ಬರೋದು? ಹುಲ್ಲು ತಿಂದೂ ತಿಂದೂ ನಾಲಿಗೆ ಜಡ್ಡಾಗಿದೆ."

ಸೋಮಿಗನಿಗೆ ಸಂಶಯ ಉಳಿಯಲಿಲ್ಲ.

ಅಣ್ಣ ತಂಗಿ ಮನೆಗೆ ಬಂದು ಬಿಸಿರೊಟ್ಟಿ ತಿಂದರು. ಅಂದಿನಿಂದ ಬಿಂಬಗಿರಿಯ ಜನ ಬಾಗಿಲಿಗೆ ಅಗುಳಿ ಹಾಕದೆ ಮಲಗಿದರು, ಸುಖವಾಗಿ ಬಾಳಿದರು.