ಚನ್ನಾಜಮ್ಮನ ಆಟಿಕೆ ಪೆಟ್ಟಿಗೆ

ಬಹಳ ಹಿಂದೆ, ಬೆಟ್ಟಗಳು ಬೇಸರವಾದಾಗ ಎದ್ದು ಜಾಗ ಬದಲಿಸುತ್ತಿದ್ದ ಕಾಲದಲ್ಲಿ, ಏಳುಬಾವಿ ಅಂತೊಂದು ರಾಜ್ಯವಿತ್ತು. ಅದರ ಗಡಿಯ ಗವಿಯಲ್ಲಿ ಕಂಕಾಳಯ್ಯನೆಂಬ ಮಾಂತ್ರಿಕನಿದ್ದ. ಅವನಿಗೆ ಗೊಂಬೆ ಕೂರಿಸುವ ಹುಚ್ಚು. ಒಂಬತ್ತು ಮೆಟ್ಟಿಲು ಕಟ್ಟಿ, ಊರವರ ಹಸುಗೂಸುಗಳನ್ನೇ ಗೊಂಬೆ ಮಾಡಿ ಮೆಟ್ಟಿಲಿಗೊಂದರಂತೆ ಕೂರಿಸುತ್ತಿದ್ದ. ಮಾಟದ ಆಟಿಕೆ ಕಳಿಸುವನು, ಮಗು ಮುಟ್ಟಿತೋ, ಗೊಂಬೆಯಾಗಿ ಗವಿ ಸೇರಿತು. ದೊಡ್ಡವರಿಗೂ ವರ್ಷ ತುಂಬಿದ ಮಕ್ಕಳಿಗೂ ಆ ಮಾಟ ತಾಗದು. ಒಂದು ಮಗುವಿಗೆ ಮೂರೇ ಸಲ ಗಾಳ ಹಾಕಬಹುದು. ಮೂರೂ ತಪ್ಪಿದರೆ ಮಾಟ ಅವನಿಗೇ ತಿರುಗುತ್ತದೆ. ಇಲ್ಲಿಯವರೆಗೆ ಒಂದೂ ತಪ್ಪಿರಲಿಲ್ಲ.

ಎಂಟು ಮೆಟ್ಟಿಲು ತುಂಬಿತ್ತು. ಆಗ ರಾಣಿ ಚಂಪಾವತಿಗೆ ಹೆಣ್ಣುಮಗು ಹುಟ್ಟಿತು.

ರಾಣಿ ಬಣ್ಣದ ಗೊಂಬೆ ಮಾಡುವ ಚನ್ನಾಜಮ್ಮನನ್ನು ಕರೆಸಿದಳು. ಅರಮನೆಯಲ್ಲಿ ಗುಸುಗುಸು ಎದ್ದಿತು. "ತನ್ನ ಮಗು ಉಳಿಸಿಕೊಳ್ಳಲಾರದವಳು ರಾಜನ ಮಗು ಕಾಯ್ತಾಳಂತೆ!"

ಅದು ನಿಜವೇ. ಏಳು ವರ್ಷದ ಹಿಂದೆ ಬಾಗಿಲಿಗೆ ಬಂದ ಅಪರಿಚಿತನೊಬ್ಬ ಕೊಟ್ಟ ಬುಗುರಿಯನ್ನು, ಚೆಂದ ಇದೆಯಲ್ಲ ಅಂತ ಹನ್ನೊಂದು ತಿಂಗಳ ಹೊನ್ನಿಯ ಕೈಗಿಟ್ಟಿದ್ದಳು. ಉಳಿದದ್ದು ಮಗುವಿನ ಒಂದು ಬಳೆ. ಅದು ಈಗಲೂ ಅವಳ ಸೊಂಟದಲ್ಲಿತ್ತು.

"ಬಿದ್ದವಳಿಗೇ ಗೊತ್ತು ಹಳ್ಳದ ಆಳ," ಎಂದಳು ರಾಣಿ. "ಆಟಿಕೆ ಪೆಟ್ಟಿಗೆ ನಿನ್ನದು, ಚನ್ನಾಜಿ. ನಿನ್ನ ಮಾತೇ ಮಾತು."

"ಹಾಗಾದರೆ ಕೇಳಿ ತಾಯಿ. ಯಾವ ಆಟಿಕೆ ಬಂದರೂ ಮಗುವಿಗಿಂತ ಮೊದಲು ನಾನು ಬಾಯಿಗಿಡ್ತೀನಿ. ಈ ಬಳೆಯಲ್ಲಿ ತೂರೋದು ಮಗುವಿನ ಗಂಟಲಲ್ಲೂ ತೂರುತ್ತೆ, ಅಂಥದ್ದು ಬೇಡ. ಚಾಪೆ ಮೇಲೆ ಮೂರೇ ಆಟಿಕೆ. ಮಿಕ್ಕಿದ್ದು ಬೇವಿನೆಲೆ ಹಾಕಿ ಪೆಟ್ಟಿಗೆಗೆ."

ಮೂರನೇ ತಿಂಗಳಲ್ಲಿ ಗಿಳಿಯೊಂದು ತಾನೇ ಹಾಡುವ ಬೆಳ್ಳಿಯ ಗಿಲಕಿ ತಂದು ಹಾಕಿತು. ಚನ್ನಾಜಮ್ಮ ನಾಲಿಗೆಗೆ ಮುಟ್ಟಿಸಿದಳು. "ಥೂ! ಹಾಗಲಕಾಯಿ ಇದರ ಮುಂದೆ ಬೆಲ್ಲ!" ಒಲೆಗೆ ಎಸೆದಳು. ಗಿಲಕಿ ಚೇಳಾಗಿ ಚಟಪಟ ಸುಟ್ಟುಹೋಯಿತು.

ಏಳನೇ ತಿಂಗಳಲ್ಲಿ ಮಗು ಕೂರುವುದನ್ನು ಕಲಿತು ಸಿಕ್ಕಿದ್ದೆಲ್ಲ ಬಾಯಿಗಿಡುತ್ತಿತ್ತು. ಮರದ ಕುದುರೆಯೊಂದು ಟಕಟಕ ನಡೆದು ಬಂತು. ನೆಕ್ಕಿದರೆ ಕಲ್ಲುಸಕ್ಕರೆ. ಮಾಂತ್ರಿಕ ಪಾಠ ಕಲಿತಿದ್ದ. ಚನ್ನಾಜಮ್ಮ ಅದರ ಕೆಂಪುಮಣಿಯ ಕಣ್ಣನ್ನು ಉಗುರಿನಿಂದ ಮೀಟಿದಳು. ಕಿತ್ತು ಬಂತು. ಬಳೆಯಲ್ಲಿ ಸಲೀಸಾಗಿ ತೂರಿತು. ಕುದುರೆಯೂ ಒಲೆಗೆ ಹೋಯಿತು.

ಕಂಕಾಳಯ್ಯನಿಗೆ ಈಗ ಜೀವಭಯ. ಮೂರನೆಯ ಸಲ ತಾನೇ ಗೊಂಬೆಯಾದ. ವರ್ಷ ತುಂಬುವ ದಿನದ ಉಡುಗೊರೆಗಳ ನಡುವೆ ಬಂದು ಕೂತ. ಸಿಹಿ ಗೊಂಬೆ, ಒಂದೇ ತುಂಡಿನದು, ಅದರ ಕೈಯೂ ಬಳೆಯಲ್ಲಿ ತೂರದಷ್ಟು ದಪ್ಪ. ಚನ್ನಾಜಮ್ಮ ತಿರುಗಿಸಿ ಮುರುಗಿಸಿ ನೋಡಿದಳು. ಐಬೇ ಇಲ್ಲ.

"ಕೊಟ್ಟುಬಿಡೇ," ಎಂದಳು ರಾಣಿ. "ಇನ್ನೇನು ದೀಪ ಹಚ್ಚೋ ಹೊತ್ತು, ಹಚ್ಚಿದರೆ ವರ್ಷ ತುಂಬಿತು."

ಚನ್ನಾಜಮ್ಮನ ಕೈ ಅರ್ಧ ಚಾಚಿತ್ತು. ಅಷ್ಟರಲ್ಲಿ ಚಾಪೆಯ ಕಡೆ ನೋಡಿದಳು. ಮರದ ಸೌಟು, ಬಟ್ಟೆಯ ಚೆಂಡು, ತೆಂಗಿನ ಕರಟ, ಅಲ್ಲಿಗೆ ಮೂರಾಯಿತು. "ಇದು ಬರಬೇಕಾದರೆ ಒಂದು ಒಳಗೆ ಹೋಗಬೇಕು ತಾಯಿ." ಸೌಟು ಎತ್ತಿದಳು, ಮಗು ಕಿರುಚಿತು. ಚೆಂಡು ಎತ್ತಿದಳು, ಇನ್ನೂ ಜೋರಾಗಿ ಕಿರುಚಿತು. ಕರಟಕ್ಕೆ ಕೈಹಾಕಿದರೆ ಕಚ್ಚಲು ಬಂತು, ಹಲ್ಲು ಇದ್ದದ್ದೇ ನಾಲ್ಕು.

"ಮಗುವೇ ಬೇಡ ಅಂದಮೇಲೆ ನಮ್ಮದೇನು?" ಗೊಂಬೆಯನ್ನು ಪೆಟ್ಟಿಗೆಗೆ ಹಾಕಿ, ಬೇವಿನೆಲೆ ಮುಚ್ಚಿ, ಅಗುಳಿ ಜಡಿದಳು. ದೀಪ ಹಚ್ಚಿದರು, ಮೂರನೆಯ ಗಾಳವೂ ತಪ್ಪಿತು. ಒಳಗೆ ಯಾರೋ ಕೂಗಿದ ಹಾಗಾಯಿತು. ಆಮೇಲೆ ಬರೀ ಮರದ ಸದ್ದು.

ಅದೇ ಗಳಿಗೆಯಲ್ಲಿ ಗವಿಯ ಎಂಟು ಗೊಂಬೆಗಳೂ ಹಸಿದು ಅತ್ತವು. ಅಳು ಕೇಳಿ ಹೋದ ಸೈನಿಕರು ಮರುದಿನ ಕೂಸುಗಳನ್ನು ಬುಟ್ಟಿಗಳಲ್ಲಿ ಹೊತ್ತು ತಂದರು. ತಾಯಂದಿರು ಬಿದ್ದೆದ್ದು ಓಡಿ ಬಂದರು. ಏಳು ಬುಟ್ಟಿ ಖಾಲಿಯಾದವು.

ಚನ್ನಾಜಮ್ಮ ಕಂಬದ ಹಿಂದೆಯೇ ನಿಂತಿದ್ದಳು. ನೋಡಲು ಅವಳಿಗೆ ಹೆದರಿಕೆ.

"ಬಾರೇ," ಎಂದು ರಾಣಿಯೇ ಕೈಹಿಡಿದು ಎಳೆದು ತಂದಳು.

ಎಂಟನೇ ಬುಟ್ಟಿಯಲ್ಲಿ ಇನ್ನೂ ಹನ್ನೊಂದೇ ತಿಂಗಳ ಹೊನ್ನಿ ಕೂತಿತ್ತು, ಒಂದು ಕೈಗೆ ಬಳೆ, ಇನ್ನೊಂದು ಕೈ ಬರಿದು. ಚನ್ನಾಜಮ್ಮ ಸೊಂಟದ ಬಳೆ ಬಿಚ್ಚಿ, ನಾಲಿಗೆಗೆ ಮುಟ್ಟಿಸಿ ನೋಡಿ, ಆಮೇಲೆ ತೊಡಿಸಿದಳು. ಪುಟ್ಟ ಕೈ ಸಲೀಸಾಗಿ ತೂರಿತು. ಏಳು ವರ್ಷದಿಂದ ಅಳದವಳು ಆಗ ಗೊಳೋ ಎಂದು ಅತ್ತಳು.

ಏಳುಬಾವಿಯವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ತಣ್ಣಗೆ ಬಾಳಿದರು. ಆ ಗೊಂಬೆ ಇನ್ನೂ ಪೆಟ್ಟಿಗೆಯಲ್ಲೇ ಇದೆ. ವರ್ಷಕ್ಕೊಮ್ಮೆ ತೆಗೆದು ಧೂಳು ಒರೆಸುತ್ತಾರೆ. ಯಾವ ಮಗುವೂ ಅದನ್ನು ಕೇಳಿಲ್ಲ.